ಪಿಯಾನೆವೆಗೆ ಇಬ್ಬರು

ಜೂನ್ 10, ಸೋಮವಾರ. ಟೂಂಗಾಬಿ

ಈ ದೇಶದ ಅರಸರ ಹುಟ್ಟುಹಬ್ಬದ ರಜೆ. ಅರಸರು ನಿಜವಾಗಿ ಯಾವಾಗ ಹುಟ್ಟಿದರೋ, ಅವರ ಹೆಸರಿನಲ್ಲಿ ನನಗೆ ಮೂರು ದಿನ ಯಾರ ಜೊತೆಗೂ ಮಾತಿಲ್ಲ. ಶನಿವಾರ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಕೊಟ್ಟ ಹುಡುಗಿಗೆ ಥ್ಯಾಂಕ್ಸ್ ಹೇಳಿದ್ದೇ ಕೊನೆ. ಇವತ್ತು ಮಧ್ಯಾಹ್ನ ಅಮೂಲ್ಯಾ ಫೋನ್ ಮಾಡಿದಾಗ ಗಂಟಲಿನಿಂದ ದನಿಯೇ ಹೊರಡದೆ ಎರಡು ಸಲ ಕೆಮ್ಮಬೇಕಾಯಿತು.

"ಏನೇ ಅನು, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಬಾಯಿಗೆ ತುಕ್ಕು ಹಿಡಿದಿದೆ, ಅಷ್ಟೆ."

ಅವಳು ನಕ್ಕಳು. ಇಲ್ಲಿಂದ ವಿಮಾನದಲ್ಲಿ ಹೋಗಬೇಕಾದ ಮೆಲ್ಬರ್ನ್ ಅಂಚಿನ ಕ್ರಾನ್‌ಬರ್ನ್‌ನ ಅವಳ ಮನೆಯಲ್ಲಿ ಯಾವಾಗಲೂ ಮಿಕ್ಸಿ, ಟೀವಿ, ಮಕ್ಕಳು ಎಲ್ಲ ಒಟ್ಟಿಗೆ ಕೂಗುತ್ತಿರುತ್ತವೆ. ಇವತ್ತು ಮಾತ್ರ ಸದ್ದಿರಲಿಲ್ಲ. ಅವಳ ಗಂಡ ಮನೋಜ್ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದನಂತೆ.

"ಮುಂದಿನ ವರ್ಷ ನಮ್ಮಿಬ್ರಿಗೂ ನಲವತ್ತು ಕಣೇ. ಕ್ಲೇಟನ್‌ನಲ್ಲಿದ್ದಾಗ ಹೇಳ್ತಿದ್ವಲ್ಲ, ಕೆಲ್ಸ ಸಿಕ್ಮೇಲೆ ಇಟಲಿಗೆ ಹೋಗಿ ಸ್ಕೀ ಮಾಡೋಣ ಅಂತ. ಹೋಗೋಣ್ವಾ? ನಾವಿಬ್ರೇ."

ಕ್ಲೇಟನ್‌ನ ಆ ರೂಮು. ಓದಲೆಂದು ಈ ದೇಶಕ್ಕೆ ಬಂದ ಹೊಸತರಲ್ಲಿ ಇಬ್ಬರೂ ಹೀಟರ್ ಕೆಟ್ಟ ಒಂದೇ ರೂಮಿನಲ್ಲಿದ್ದೆವು. ಒಂದು ರಜಾಯಿ ಹೊದ್ದು ಲ್ಯಾಪ್‌ಟಾಪಿನಲ್ಲಿ ಹಿಮದ ಊರುಗಳ ವಿಡಿಯೋ ನೋಡುತ್ತಿದ್ದೆವು. ಚಳಿಗೆ ನಡುಗುತ್ತ ಹಿಮ ನೋಡುವವರು ನಾವೇ ಇರಬೇಕು.

"ಹೋಗೋಣ" ಅಂದೆ. ಯೋಚಿಸಲೂ ಇಲ್ಲ. ಪ್ಲಾನಿಂಗ್ ಎಲ್ಲ ನನ್ನದು, ಅವಳು ಸೂಟ್‌ಕೇಸ್ ಹಿಡಿದು ಬಂದರೆ ಸಾಕು ಅಂದೆ. ಬಸ್ ಕಂಪನಿಯ ಪೇರೋಲ್‌ನಲ್ಲಿ ಐನೂರು ಡ್ರೈವರುಗಳ ಶಿಫ್ಟು ಓವರ್‌ಟೈಮು ಸರಿದೂಗಿಸುವವಳಿಗೆ ಇಬ್ಬರ ರಜೆ ಯಾವ ಲೆಕ್ಕ.

ಸಂಜೆ ಪಾತ್ರೆ ತೊಳೆಯುವಾಗ ನಾನೇ ಗುನುಗುತ್ತಿದ್ದೆ. ಪಕ್ಕದ ಯೂನಿಟ್ಟಿನವರು ಏನಂದುಕೊಂಡರೋ.


ಜೂನ್ 15

ಊರು ಸಿಕ್ಕಿತು. ಪಿಯಾನೆವೆ. ಮಿಲಾನಿನಿಂದ ರೈಲು, ಆಮೇಲೆ ಬಸ್ಸು. ಶ್ರೀಮಂತರು ಹೋಗುವ ಊರಲ್ಲ. ಬಸ್ ಡ್ರೈವರು, ಟೀಚರು ಅಂಥವರು ವರ್ಷಕ್ಕೊಂದು ವಾರ ಬಂದು ಹೋಗುವ ಊರಂತೆ. ಸಂಜೆಯಾದರೆ ಬೂಟನ್ನೂ ಕಳಚದೆ ಜನ ಚೌಕದಲ್ಲಿ ನಿಂತು ಹರಟುತ್ತಾರೆ, ಬ್ಯಾಂಡು ಬಾರಿಸುತ್ತದೆ. "ಬರೀ ಬೆಟ್ಟ ಬೇಡ ಕಣೇ, ಜನ ಇರೋ ಊರು ನೋಡು" ಅಂತ ಅಮೂಲ್ಯಾ ಹೇಳಿದ್ದಳು. ನನಗೂ ಅದೇ ಬೇಕಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ.

ಇಲ್ಲಿನ ಬೆಟ್ಟಗಳಲ್ಲಿ ಒಂದು ವಾರ ಸ್ಕೀ ಮಾಡುವ ಖರ್ಚಿಗೆ ಇಟಲಿಗೇ ಹೋಗಿ ಬರಬಹುದು, ಅದಕ್ಕೊಂದು ಉಪಾಯವಿದೆ. ಜನವರಿ ಆರಕ್ಕೆ ಅಲ್ಲಿ ಹಬ್ಬದ ರಜೆ ಮುಗಿಯುತ್ತದೆ, ರೂಮುಗಳ ದರ ಧಡಕ್ಕನೆ ಇಳಿಯುತ್ತದೆ. ನಮಗೆ ಇಲ್ಲಿ ಆಗ ಬೇಸಿಗೆ ರಜೆ. ಅವರ ಖಾಲಿ ವಾರ, ನಮ್ಮ ಬಿಡುವಿನ ವಾರ. ಇದನ್ನು ಕಂಡುಹಿಡಿದದ್ದಕ್ಕೆ ನನಗೆ ನಾನೇ ಇನ್ನೊಂದು ಕಾಫಿ ಮಾಡಿಕೊಟ್ಟೆ.

ಅಲ್ಲಿ ತನ್ನ ಮನೆಯ ಮಹಡಿಯ ರೂಮುಗಳನ್ನು ಬಾಡಿಗೆಗೆ ಕೊಡುವ ರೊಸೆಲ್ಲಾ ಎಂಬ ಹೆಂಗಸಿಗೆ ಬರೆದೆ. ನಾವು ಮಾಂಸ ತಿನ್ನುವುದಿಲ್ಲ ಅಂದೆ. ಚಿಂತೆ ಬೇಡ, ಸೂಪಿಗೆ ಬರೀ ಹ್ಯಾಮ್ ಹಾಕುತ್ತೇನೆ ಅಂತ ಉತ್ತರ ಬಂತು. ಹ್ಯಾಮ್ ಅಂದರೆ ಹಂದಿಮಾಂಸವೇ. ಓದಿ ಹೇಳಿದಾಗ ಅಮೂಲ್ಯಾ ನಕ್ಕೂ ನಕ್ಕೂ ಬಿಕ್ಕಳಿಕೆ ಬಂದು ನೀರು ಕುಡಿಯಲು ಓಡಿದಳು. ಈ ವಾರ ದಿನಾ ಮಾತಾಡಿದ್ದೇವೆ. ಕಳೆದ ಒಂದು ವರ್ಷದಲ್ಲಿ ಇಷ್ಟು ಮಾತಾಡಿರಲಿಲ್ಲ.


ಜೂನ್ 30

ಇಟಾಲಿಯನ್ ಆ್ಯಪ್ ಹಾಕಿಕೊಂಡೆ. ಕೆಲಸಕ್ಕೆ ಹೋಗುವ ರೈಲಿನಲ್ಲಿ ಪ್ಯಾರಮಾಟಾ ಬರುವಷ್ಟರಲ್ಲಿ ಒಂದು ಪಾಠ ಆಗುತ್ತದೆ. "ನಾವು ಇಬ್ಬರು" ಅನ್ನುವುದಕ್ಕೆ ಸಿಯಾಮೋ ಇನ್ ದುವೆ.


ಜುಲೈ 13

ಅಮೂಲ್ಯಾ ಇವತ್ತು ಎಂದಿನಂತೆ ಏನೇ ಎನ್ನಲಿಲ್ಲ. "ಒಂದ್ ವಿಷ್ಯ ಹೇಳ್ಬೇಕು" ಎಂದು ಶುರು ಮಾಡಿದಳು.

"ಮನೋಜ್ ಕೇಳ್ತಿದ್ದ, ಮಕ್ಕಳು ಸರಿಯಾಗಿ ಹಿಮ ನೋಡೇ ಇಲ್ಲ, ನಾವೂ ಬಂದ್ರೆ ಹೇಗೆ ಅಂತ. ನಿಂಗೇನೂ ಬೇಜಾರಿಲ್ಲ ತಾನೆ?"

ಬೇಜಾರಿದೆ. ಆದರೆ ಯಾರಾದರೂ ಹಾಗೆ ಕೇಳಿದಾಗ ಹೌದು ಅನ್ನುವುದು ಹೇಗೆ, ನನಗೆ ಯಾರೂ ಕಲಿಸಿಲ್ಲ.

"ಅಯ್ಯೋ, ಬರ್ಲಿ ಬಿಡೇ. ಮಕ್ಕಳಿದ್ರೆ ಚೆನ್ನಾಗಿರತ್ತೆ."

ಹಿಂದಿನಿಂದ ಅದ್ವಿಕ್ ಕೂಗಿದ: "ಅನು ಆಂಟಿ, ವಿಲ್ ದೇರ್ ಬಿ ವೈಫೈ?" ಒಂಬತ್ತು ವರ್ಷದವನಿಗೆ ಆಲ್ಪ್ಸ್ ಪರ್ವತದಲ್ಲಿ ಬೇಕಾದದ್ದು ಅದೊಂದೇ. ಅವನ ತಂಗಿ ಆದ್ಯಾಗೆ ಪೆಂಗ್ವಿನ್ ಬೇಕಂತೆ. ಇಟಲಿಯಲ್ಲಿ ಪೆಂಗ್ವಿನ್ ಇಲ್ಲ ಅಂತ ಅವರಪ್ಪನೇ ಹೇಳಲಿ.

ಮನೋಜ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸುಲಭವಿತ್ತು, ಬೈದುಕೊಂಡು ಹಗುರಾಗುತ್ತಿದ್ದೆ. ನಾನು ಅವರಲ್ಲಿಗೆ ಹೋದಾಗಲೆಲ್ಲ ಏರ್‌ಪೋರ್ಟಿಗೆ ಬಂದು ನನ್ನನ್ನು ಕರೆದೊಯ್ಯುವವನು ಅವನೇ. ಹೋದ ವರ್ಷ ಸಮುದ್ರದ ದಂಡೆಯ ರಸ್ತೆಗೆ ಹೋದಾಗ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳ ಎರಡು ಸೀಟುಗಳ ನಡುವೆ ನನ್ನನ್ನು ಸಿಕ್ಕಿಸಿ, "ಅನು ಸಣ್ಣಗಿರೋದು ಎಷ್ಟು ಅನುಕೂಲ ನೋಡು" ಅಂದಿದ್ದ. ಮೆಚ್ಚಿಯೇ ಹೇಳಿದ್ದು.

ಫೋನ್ ಇಡುವಷ್ಟರಲ್ಲಿ ಬೀನ್ಸ್ ಪಲ್ಯ ಸೀದು ಹೋಗಿತ್ತು. ಅದನ್ನೇ ತಿಂದೆ.


ಜುಲೈ 14

ಎರಡು ಹಾಸಿಗೆಯ ರೂಮು ಬೇಡ, ಐದು ಜನರ ಮನೆ ಬೇಕು ಅಂತ ರೊಸೆಲ್ಲಾಗೆ ಬರೆದೆ. ಪರವಾಗಿಲ್ಲ. ಸಂಜೆ ಮಕ್ಕಳನ್ನು ಮಲಗಿಸಿ ನಾವಿಬ್ಬರೂ ಚೌಕಕ್ಕೆ ಹೋಗಬಹುದು.


ಆಗಸ್ಟ್ 11, ಭಾನುವಾರ

ಮೈಯಲ್ಲಿ ನೋಯದ ಜಾಗವಿಲ್ಲ. ಕೈ ಎತ್ತಿ ತಲೆ ಬಾಚಲೂ ಆಗುತ್ತಿಲ್ಲ.

ಆದದ್ದು ಇಷ್ಟು. ಪ್ಯಾರಮಾಟಾದಿಂದ ವೀಕೆಂಡ್ ಬಸ್ಸು ನಮ್ಮ ಸ್ನೋಯಿ ಮೌಂಟನ್ಸ್‌ಗೆ ಹೋಗುತ್ತದೆ. ಬೂಟು ಬಾಡಿಗೆಗೆ ತೆಗೆದುಕೊಳ್ಳುವುದು ಹೇಗೆ, ಸೈಜು ಹೇಗೆ ಕೇಳುತ್ತಾರೆ, ಮಕ್ಕಳಿಗೆ ಹೆಲ್ಮೆಟ್ ಬೇಕೋ ಬೇಡವೋ ಇದನ್ನೆಲ್ಲ ತಿಳಿದುಕೊಳ್ಳಲು ಹೋದೆ, ಬೇರೇನಿಲ್ಲ. ಬೆಟ್ಟದ ಮೇಲೆ ಕರೆದೊಯ್ಯುವ ಲಿಫ್ಟಿನ ಪಾಸಿನ ಜೊತೆ ಒಂದು ಕ್ಲಾಸು ಬಿಟ್ಟಿ ಅಂದರು. ಬಿಟ್ಟಿ ಅಂದಮೇಲೆ ಬಿಡುವುದುಂಟೆ.

ಕಲಿಸುವ ಹುಡುಗಿ ಮೊದಲು ಹೇಳಿಕೊಟ್ಟದ್ದು ಬೀಳುವುದನ್ನು. ಮುಂದಕ್ಕೂ ಬೀಳಬೇಡ, ಹಿಂದಕ್ಕೂ ಬೀಳಬೇಡ, ಪಕ್ಕಕ್ಕೆ ಕೂರು. ಆಮೇಲೆ ಕಾಲಿಗೆ ಕಟ್ಟಿದ ಸ್ಕೀ ಹಲಗೆಗಳನ್ನು ಅಡ್ಡ ತಿರುಗಿಸಿ, ಕೋಲು ಊರಿ ಏಳು. ಎಬ್ಬಿಸಲು ನಾನು ಬರುವುದಿಲ್ಲ ಅಂತಲೂ ಹೇಳಿದಳು. ನಾನು ಎಷ್ಟು ಬಿದ್ದೆನೋ. ಐದು ವರ್ಷದ ಪೋರರು ಗೋಲಿಗಳ ಹಾಗೆ ಪಕ್ಕದಲ್ಲೇ ಉರುಳಿ ಹೋಗುತ್ತಿದ್ದರು. ಸಂಕೋಚದಿಂದ ಸಾಯುವಂತಾಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಸಲ, ಹೇಗೋ ಗೊತ್ತಿಲ್ಲ, ತಿರುಗಿದೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕೆಳಗೆ ಬಂದು ನಿಂತೆ. ಯಾರೂ ನೋಡಲಿಲ್ಲ. ನಾನು ಮತ್ತೆ ಮೇಲೆ ಹೋದೆ. ಕೊನೆಯ ಬಸ್ಸು ಹಾರನ್ ಹೊಡೆಯುವವರೆಗೆ ಹೋಗುತ್ತಲೇ ಇದ್ದೆ.

ಬಸ್ಸು ಹತ್ತಿದೊಡನೆ ಅಮೂಲ್ಯಾಗೆ ಫೋನ್ ಮಾಡಿದೆ. ಆದ್ಯಾಳ ಸ್ವಿಮ್ಮಿಂಗ್ ಕ್ಲಾಸಿನಲ್ಲಿದ್ದಳು. "ಆಮೇಲೆ ಮಾಡ್ತೀನಿ ಕಣೇ" ಅಂದಳು. ಮರೆತಿರಬೇಕು. ಭಾನುವಾರ ಅವಳಿಗೂ ಕೆಲಸ ಜಾಸ್ತಿ.

ಬೂಟಿನ ಸೈಜು ಸೆಂಟಿಮೀಟರಿನಲ್ಲಿ ಕೇಳುತ್ತಾರೆ. ಮಕ್ಕಳಿಗಾಗಿ ನೆನಪಿಟ್ಟುಕೊಳ್ಳಬೇಕು.


ಸೆಪ್ಟೆಂಬರ್ 1

ಈಗ ಒಂದು ವಾಟ್ಸ್ಆ್ಯಪ್ ಗ್ರೂಪು: ಇಟಲಿ ಗ್ಯಾಂಗ್. ಮನೋಜ್ ಮಾಡಿದ್ದು. ಅವರ ಬೀದಿಯಲ್ಲೇ ಇರುವ ವಿಕ್ರಮ್ ಮತ್ತು ಕೃಪಾ ಬರುತ್ತಾರೆ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿರುವ ಮನೋಜನ ತಾಯಿ ಇಂದಿರಮ್ಮನವರೂ ಬರುತ್ತಾರೆ. "ಅಮ್ಮನ್ನ ಒಬ್ರನ್ನೇ ಬಿಟ್ಟು ಹೋಗೋಕಾಗಲ್ವಲ್ಲ" ಅಂತ ಅವನು. ನ್ಯಾಯವೇ.

ಎಂಟು ಜನ. ರೊಸೆಲ್ಲಾಗೆ ಮೂರನೇ ಸಲ ಬರೆದೆ. ಅವಳ ಉತ್ತರ: ಮೊದಲು ಇಬ್ಬರು, ಆಮೇಲೆ ಐವರು, ಈಗ ಎಂಟು ಮಂದಿ. ಸಿಞೋರಾ, ನಿಮ್ಮ ಊರನ್ನೇ ತರುತ್ತೀರಾ? ಇಡೀ ಮೇಲ್ಮಹಡಿ ಕೊಡುತ್ತೇನೆ, ಬನ್ನಿ.

ಗ್ರೂಪಿನಲ್ಲಿ ದಿನಾ ನನಗೆ ಪ್ರಶ್ನೆಗಳು. ಅನು, ವೀಸಾ ಯಾವಾಗ? ಅನು, ಅಲ್ಲಿ ಅಕ್ಕಿ ಸಿಗತ್ತಾ? ಅನು, ಕುಕ್ಕರ್ ತಗೊಂಡ್ ಹೋಗ್ಬಹುದಾ? ಎಲ್ಲಕ್ಕೂ ಉತ್ತರ ಕೊಡುತ್ತೇನೆ. ಅನು ಇಲ್ಲದೆ ಏನೂ ನಡೆಯೋದಿಲ್ಲ ಅಂತ ವಿಕ್ರಮ್ ಬರೆದ. ಓದಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಅಮೂಲ್ಯಾ ಗ್ರೂಪಿನಲ್ಲಿ ಹೆಬ್ಬೆರಳಿನ ಚಿತ್ರ ಹಾಕುತ್ತಾಳೆ. ಫೋನ್ ಮಾಡುವುದಿಲ್ಲ. ಎಲ್ಲ ಗ್ರೂಪಿನಲ್ಲೇ ಇದೆಯಲ್ಲ, ಮತ್ತೇಕೆ ಫೋನು.


ಅಕ್ಟೋಬರ್ 5, ಶನಿವಾರ. ಕ್ರಾನ್‌ಬರ್ನ್

ಲಾಂಗ್ ವೀಕೆಂಡ್ ಅಂತ ಮೆಲ್ಬರ್ನ್‌ಗೆ ಬಂದಿದ್ದೇನೆ. ನವರಾತ್ರಿ. ಇಂದಿರಮ್ಮ ಹಾಲಿನಲ್ಲಿ ಗೊಂಬೆ ಕೂರಿಸಿದ್ದಾರೆ. ಇಕಿಯಾದ ಶೆಲ್ಫೇ ಮೆಟ್ಟಿಲು, ಮೈಸೂರಿನಿಂದ ಬಟ್ಟೆಯಲ್ಲಿ ಸುತ್ತಿ ತಂದ ಪಟ್ಟದ ಗೊಂಬೆ ಮೇಲೆ, ಆದ್ಯಾಳ ಯೂನಿಕಾರ್ನ್ ಕೆಳಗೆ. ಚೆನ್ನಾಗಿದೆ.

ಅಮೂಲ್ಯಾ ಬಾಗಿಲಲ್ಲೇ ತಬ್ಬಿಕೊಂಡಳು. ಅವಳ ಕೂದಲಿಗೆ ಒಗ್ಗರಣೆಯ ವಾಸನೆ. "ರಾತ್ರಿ ಕೂತು ಮಾತಾಡೋಣ ಕಣೇ, ಎಷ್ಟೊಂದಿದೆ" ಅಂದಳು. ಆರತಿಗೆ ಬೀದಿಯ ಹೆಂಗಸರೆಲ್ಲ ಬಂದರು. ಸುಂಡಲು ಹಂಚಿದೆವು, ಪಾತ್ರೆ ತೊಳೆದೆವು. ಅವಳು ಆದ್ಯಾಳನ್ನು ಮಲಗಿಸಲು ಹೋಗಿ ಅಲ್ಲೇ ನಿದ್ದೆ ಹೋದಳು.


ಅಕ್ಟೋಬರ್ 6, ಭಾನುವಾರ. ಮೆಲ್ಬರ್ನ್ ಏರ್‌ಪೋರ್ಟ್

ವಿಮಾನ ತಡ. ಬರೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಇಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಬೆಳಿಗ್ಗೆ ತಿಂಡಿ ಆದಮೇಲೆ ಎಲ್ಲ ಊಟದ ಮೇಜಿನ ಸುತ್ತ ಕೂತೆವು. ನಾನು ಲ್ಯಾಪ್‌ಟಾಪ್ ತೆರೆದು ಮನೆಯ ನಕ್ಷೆ ತೋರಿಸಿದೆ. ಮೂರು ರೂಮು. ಒಂದರಲ್ಲಿ ಬೆಟ್ಟ ಕಾಣುವ ಕಿಟಕಿ, ಒಂದರಲ್ಲಿ ಚೌಕ ಕಾಣುವ ಕಿಟಕಿ, ಇನ್ನೊಂದರಲ್ಲಿ ಎರಡು ಮಂಚ ಮತ್ತು ಮೇಲೊಂದು ಕೆಳಗೊಂದು ಇರುವ ಮಕ್ಕಳ ಮಂಚ. ಅದರ ಕಿಟಕಿಗೆ ಪಕ್ಕದ ಮನೆಯ ಗೋಡೆ.

"ಸಿಂಪಲ್" ಅಂದ ಮನೋಜ್. "ನಾವು ಒಂದು, ವಿಕ್ರಮ್ ಅವ್ರು ಒಂದು. ಅಮ್ಮ, ಮಕ್ಕಳು, ಅನು ಮೂರನೇದ್ರಲ್ಲಿ."

"ಅನು ಅಡ್ಜಸ್ಟ್ ಮಾಡ್ಕೋತಾರೆ, ಒಬ್ರೇ ತಾನೆ" ಅಂದಳು ಕೃಪಾ. ದೋಸೆ ತಿರುವಿ ಹಾಕುವಷ್ಟು ಸಹಜವಾಗಿ.

ಆಮೇಲೆ ಪಾಸುಗಳ ವಿಷಯ. "ಪಾಸ್ ನಾಲ್ಕೇ ಸಾಕು" ಅಂದ ವಿಕ್ರಮ್. "ಮಕ್ಕಳಿಗೆ ಬೆಳಿಗ್ಗೆ ಕ್ಲಾಸಿರತ್ತೆ. ಅದು ಮುಗಿದ್ಮೇಲೆ ಅನು ಕರ್ಕೊಂಡ್ ಬಂದು ಆಂಟಿ ಜೊತೆ ಇರ್ತಾರೆ. ಅನುಗೆ ಈ ಬೀಳೋದು ಏಳೋದು ಎಲ್ಲ ಇಂಟರೆಸ್ಟ್ ಇಲ್ಲ ಅಲ್ವಾ?"

ನಾನು ಅಮೂಲ್ಯಾಳ ಕಡೆ ನೋಡಿದೆ. ಅವಳು ಅದ್ವಿಕ್‌ನ ತಟ್ಟೆಯಲ್ಲಿದ್ದ ಚಟ್ನಿಯನ್ನು ಒಂದು ಬದಿಗೆ ಸರಿಸುತ್ತಿದ್ದಳು. ಇನ್ನೂ ಸರಿಸುತ್ತಿದ್ದಳು. ಚಟ್ನಿ ಅಷ್ಟೊಂದು ಇರಲಿಲ್ಲ.

"ಆಯ್ತು" ಅಂದೆ ನಾನು. ನಾನೇ ಅಂದದ್ದು. ಹೆಸರುಗಳನ್ನು ಆಯಾ ರೂಮಿನಲ್ಲಿ ಟೈಪ್ ಮಾಡಿದ್ದೂ ನಾನೇ.

ಮಧ್ಯಾಹ್ನ ಗೊಂಬೆಗಳ ಮುಂದೆ ಇಂದಿರಮ್ಮ ಹೂ ಕಟ್ಟುತ್ತ ಕೂತಿದ್ದರು. ನಾನು ಹೋಗಿ ದಾರ ಹಿಡಿದೆ. ಅವರು ತಲೆ ಎತ್ತದೆ ಹೇಳಿದರು:

"ಮಕ್ಕಳನ್ನ ನೋಡ್ಕೊಳ್ಳೋಕೆ ನನ್ನ ಕರ್ಕೊಂಡ್ ಹೋಗ್ತಿದಾರೆ. ನನ್ನ ನೋಡ್ಕೊಳ್ಳೋಕೆ ನಿನ್ನ. ಅಷ್ಟು ದೂರ ಹೋಗಿ ನಾವಿಬ್ರೂ ಗೋಡೆ ನೋಡ್ತಾ ಕೂರೋದು. ನಂಗೇನೋ ಮಂಡಿನೋವು, ಸರಿ. ನಿಂಗೇನಾಗಿದೆ?"

"ನಂಗೂ ಅಷ್ಟೇನೂ ಆಸೆ ಇಲ್ಲ ಆಂಟಿ."

"ಸುಳ್ಳು ಹೇಳ್ಬೇಡ, ಹೂವಿನ ಮುಂದೆ ಕೂತಿದೀಯ" ಅಂದರು. ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ.

ಏರ್‌ಪೋರ್ಟಿಗೆ ಮನೋಜನೇ ಬಿಟ್ಟ. ಮೊಸರನ್ನ ಡಬ್ಬಿಗೆ ಹಾಕಿ ಕೊಟ್ಟಿದ್ದಾಳೆ ಅಮೂಲ್ಯಾ, ಮೇಲೆ ದಾಳಿಂಬೆ ಉದುರಿಸಿ. ನನಗೆ ಇಷ್ಟ ಅಂತ ಅವಳಿಗೆ ನೆನಪಿದೆ. ತಿನ್ನುತ್ತ ಕೂತಿದ್ದೇನೆ. ನನ್ನ ಮೇಲೆ ಅವಳಿಗೆ ಪ್ರೀತಿ ಇಲ್ಲವೆಂದಲ್ಲ. ಅದು ನನಗೆ ಗೊತ್ತು. ಪ್ರೀತಿ ಇದ್ದೂ ಚಟ್ನಿ ಸರಿಸುತ್ತಿದ್ದಳಲ್ಲ.


ಅಕ್ಟೋಬರ್ 13. ಟೂಂಗಾಬಿ

ಕೇಳಿಬಿಟ್ಟೆ. ವಾರ ಪೂರ್ತಿ ಆಫೀಸಿನ ಬಾತ್‌ರೂಮಿನಲ್ಲಿ ಕನ್ನಡಿ ನೋಡಿಕೊಂಡು ಅಭ್ಯಾಸ ಮಾಡಿದ್ದೆ.

"ಅಮೂ, ನಾವಿಬ್ರೇ ಹೋಗೋಣ. ಮೊದಲು ಹೇಳಿದ್ಯಲ್ಲ, ಹಾಗೆ. ಒಂದು ವಾರ ಬೇಡ, ನಾಲ್ಕು ದಿನ. ಅವರೆಲ್ಲ ಇನ್ನೊಂದ್ ವರ್ಷ ಬರ್ಲಿ."

"ಯಾಕೇ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ಲಿಲ್ಲ. ನಂಗೆ ನಿನ್ ಜೊತೆ ಹೋಗ್ಬೇಕು. ನಿನ್ ಅತ್ತೆ ಜೊತೆ ಅಲ್ಲ."

"ನಿಂಗೆ ಸ್ಕೀ ಬೇಡ ಅನ್ಕೊಂಡಿದ್ದೆ ಕಣೇ."

"ಆಗಸ್ಟ್‌ನಲ್ಲಿ ಕಲ್ತೆ."

"ಹೌದಾ? ಹೇಳ್ಲೇ ಇಲ್ಲ?"

"ಹೇಳೋಕೇ ಫೋನ್ ಮಾಡಿದ್ದೆ."

ಅವಳು ಸೋರುವ ಮೂಗನ್ನು ಎಳೆದುಕೊಂಡಳೋ, ಬರೀ ನೆಗಡಿಯೋ ಗೊತ್ತಾಗಲಿಲ್ಲ. "ನೀನು ಎಲ್ಲರ ಜೊತೆ ಬರಲ್ಲ ಅಂದ್ರೆ ಅತ್ತೆ ಜೊತೆ ಯಾರಿರ್ತಾರೆ?" ಅಂದಳು. ಅಂದವಳಿಗೇ ತಾನೇನು ಅಂದೆ ಅಂತ ಕೇಳಿಸಿರಬೇಕು. ಕೂಡಲೇ, "ಹಾಗಲ್ಲ ಅನು. ಮನೋಜ್‌ನ ಕೇಳಿ ಹೇಳ್ತೀನಿ" ಅಂದಳು.

ಫೋನ್ ಇಟ್ಟಮೇಲೆ ನಾನು ಅತ್ತುಬಿಟ್ಟೆ. ಜೋರಾಗಿಯೇ. ಹದಿನಾರು ವರ್ಷದಿಂದ ಈ ದೇಶದಲ್ಲಿ ನನ್ನವರು ಅಂತ ಇರುವವಳು ಅವಳೊಬ್ಬಳೇ. ಆಸ್ಪತ್ರೆ ಫಾರಮ್ಮುಗಳಲ್ಲಿ ಹತ್ತಿರದವರ ಹೆಸರು ಕೇಳುವಲ್ಲಿ ಇವತ್ತಿಗೂ ಅವಳದ್ದೇ ಬರೆಯುತ್ತೇನೆ.


ಅಕ್ಟೋಬರ್ 20

ಅಮೂಲ್ಯಾ ಏನೂ ಹೇಳಿಲ್ಲ.


ಅಕ್ಟೋಬರ್ 27

ಗ್ರೂಪಿನಲ್ಲಿ ಮನೋಜ್: ಅಮ್ಮನಿಗೆ ಅಷ್ಟು ದೂರದ ಪ್ರಯಾಣ ಕಷ್ಟ, ಮಕ್ಕಳೂ ಚಿಕ್ಕವರು, ಎಲ್ಲ ಸೇರಿ ಯೋಚಿಸಿ ಈ ಸಲ ಇಲ್ಲೇ ಗೋಲ್ಡ್ ಕೋಸ್ಟ್ ಬೀಚಿಗೆ ಅಂತ ಮಾಡಿದ್ದೇವೆ. ಥ್ಯಾಂಕ್ ಯೂ ಅನು, ನೀನು ಇಷ್ಟೆಲ್ಲ ಮಾಡಿದೆ. ನೀನೂ ಬರಲೇಬೇಕು, ಮನೆ ದೊಡ್ಡದಿದೆ.

ಎಲ್ಲ ಸೇರಿ ಅಂದರೆ ಯಾರು ಯಾರು, ಅದು ನನಗೆ ತಿಳಿಯಲಿಲ್ಲ. ಗ್ರೂಪಿನ ಹೆಸರನ್ನು ಆಗಲೇ ಗೋಲ್ಡ್ ಕೋಸ್ಟ್ ಗ್ಯಾಂಗ್ ಅಂತ ಬದಲಾಯಿಸಿದ್ದಾರೆ. ಅಮೂಲ್ಯಾ ಹೆಬ್ಬೆರಳು ಹಾಕಿದ್ದಾಳೆ.

ನನಗೆ ಬೇರೆಯಾಗಿ ಒಂದು ಮೆಸೇಜು ಕಳಿಸಿದ್ದಳು. "ಸಾರಿ ಕಣೇ. ಮುಂದಿನ ವರ್ಷ ಗ್ಯಾರಂಟಿ." ಅದಕ್ಕೆ ನಾನೂ ಹೆಬ್ಬೆರಳು ಹಾಕಿದೆ.


ನವೆಂಬರ್ 9

ರೊಸೆಲ್ಲಾಗೆ ಕ್ಷಮಿಸಿ ಅಂತ ಬರೆದೆ. ಈ ಸಲ ಅನುವಾದಕ್ಕೆ ಹಾಕದೆ ಇಟಾಲಿಯನ್‌ನಲ್ಲೇ, ಪದ ಹುಡುಕಿ ಹುಡುಕಿ. ಎಂಟು ಜನ ಯಾರೂ ಬರುವುದಿಲ್ಲ ಅಂತ. ಒಂದು ಗಂಟೆಯೊಳಗೆ ಉತ್ತರ: ಎಂಟು ಜನ ಬೇಡ, ಮೆಟ್ಟಿಲು ಸವೆಯುವುದು ಉಳಿಯಿತು. ನೀವು?

ನೀವು ಅಂದರೆ ನಾನು. ಅದನ್ನೇ ನೋಡುತ್ತ ಕೂತೆ.


ನವೆಂಬರ್ 16

ಟಿಕೆಟ್ ಬುಕ್ ಮಾಡಿದೆ. ಈ ಸಲ ಒಬ್ಬಳೇ ಹೋಗಿ ದಾರಿ, ಬಸ್ಸು, ಊಟ ಎಲ್ಲ ನೋಡಿಕೊಂಡು ಬಂದರೆ ಮುಂದಿನ ವರ್ಷ ಅಮೂಲ್ಯಾ ಬಂದಾಗ ಸುಲಭ. ಬೇರೆ ಉದ್ದೇಶವೇನಿಲ್ಲ. ಆರು ದಿನದ ಕ್ಲಾಸಿಗೂ ಹೆಸರು ಕೊಟ್ಟೆ. ಎರಡನೇ ಹಂತ.


ಡಿಸೆಂಬರ್ 25

ಇಡೀ ಸಬರ್ಬ್‌ನಲ್ಲಿ ಒಂದು ಕಾರೂ ಓಡುತ್ತಿಲ್ಲ. ಮೂವತ್ತೆಂಟು ಡಿಗ್ರಿ. ಬ್ಲೈಂಡ್ಸ್ ಇಳಿಸಿ, ಫ್ಯಾನಿನ ಕೆಳಗೆ ಉಣ್ಣೆಯ ಕಾಲುಚೀಲ ಹಾಕಿ ನೋಡಿದೆ. ನಗು ಬಂತು. ನಗುವನ್ನು ಹೇಳಿಕೊಳ್ಳಲು ಯಾರಿದ್ದಾರೆ ಅಂತಲೂ ಅನಿಸಿತು. ಇಲ್ಲಿ ಬರೆದಿಟ್ಟೆ.


ಜನವರಿ 12. ಪಿಯಾನೆವೆ

ತಲುಪಿದೆ. ಮೂಗು, ಕಿವಿ ಎರಡೂ ಇವೆಯೋ ಇಲ್ಲವೋ ತಿಳಿಯುತ್ತಿಲ್ಲ.

ರೊಸೆಲ್ಲಾ ನಾನು ಅಂದುಕೊಂಡದ್ದಕ್ಕಿಂತ ಕುಳ್ಳಿ, ದನಿ ಮಾತ್ರ ದೊಡ್ಡದು. ನನ್ನ ಹಿಂದೆ ಬಾಗಿಲಾಚೆ ಬಗ್ಗಿ ನೋಡಿ, ನಿಜವಾಗಿಯೂ ಒಬ್ಬರೇ ಅಂತ ಖಾತ್ರಿ ಮಾಡಿಕೊಂಡಳು. ಒಬ್ಬರ ರೂಮು ಯಾವುದೂ ಉಳಿದಿಲ್ಲವಂತೆ, ಎರಡು ಮಂಚದ ರೂಮನ್ನೇ ಒಬ್ಬರ ದರಕ್ಕೆ ಕೊಟ್ಟಿದ್ದಾಳೆ. ಚೌಕದ ಕಡೆಗೆ ಕಿಟಕಿ. ಊಟಕ್ಕೆ ಮುಸುಕಿನ ಜೋಳದ ಹಿಟ್ಟಿನ ಮುದ್ದೆ, ಥೇಟ್ ನಮ್ಮ ಮುದ್ದೆಯೇ, ಸಾರಿನ ಬದಲು ಚೀಸು. ಹ್ಯಾಮ್ ಇರಲಿಲ್ಲ.

ಸಂಜೆ ಚೌಕಕ್ಕೆ ಹೋದೆ. ವಿಡಿಯೋದಲ್ಲಿ ನೋಡಿದ್ದೆಲ್ಲ ನಿಜ. ಬ್ಯಾಂಡು, ದೀಪ, ಬೂಟು ಬಿಚ್ಚದ ಜನ, ಬಿಸಿ ವೈನಿನ ಹಬೆ. ಎಲ್ಲರೂ ಯಾರಿಗೋ ಏನೋ ಹೇಳುತ್ತಿದ್ದರು. ಟೂಂಗಾಬಿಯಲ್ಲಿ ಒಬ್ಬಳೇ ಕೂರುವುದು ಅಭ್ಯಾಸವಾಗಿದೆ. ಇಷ್ಟು ಜನರ ನಡುವೆ ಒಬ್ಬಳೇ ನಿಲ್ಲುವುದು ಅದಕ್ಕಿಂತ ಬಹಳ ಕಷ್ಟ. ಬಿಸಿ ಚಾಕೊಲೇಟು ಮುಗಿಸಿ ಬೇಗ ಬಂದುಬಿಟ್ಟೆ. ಯಾಕಾದರೂ ಬಂದೆನೋ ಅನಿಸುತ್ತಿದೆ.


ಜನವರಿ 14

ಕ್ಲಾಸಿನಲ್ಲಿ ಆರು ಜನ. ಬೊಲೋನ್ಯಾದ ಒಬ್ಬ ನರ್ಸು ನನಗಿಂತ ಹೆಚ್ಚು ಬೀಳುತ್ತಾಳೆ. ಬಿದ್ದಾಗಲೆಲ್ಲ ತನ್ನ ಮಾಜಿ ಗಂಡನನ್ನು ಬೈಯುತ್ತಾಳೆ. ಬೈಗುಳದ ಪದಗಳು ಆ್ಯಪಿನಲ್ಲಿರಲಿಲ್ಲ, ಕಲಿತುಕೊಂಡೆ. ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ತಿಂದೆವು. ಭಾಷೆ ಅರ್ಧ ಅರ್ಥವಾಗದಿದ್ದರೂ ಮಾತು ನಿಲ್ಲಲಿಲ್ಲ.

ಬಸ್ಸಿನ ಸಮಯ, ಅಂಗಡಿ ಬಾಗಿಲು ತೆರೆಯುವ ಹೊತ್ತು ಅಮೂಲ್ಯಾಗೋಸ್ಕರ ಬರೆದಿಡಬೇಕು ಅಂದುಕೊಂಡಿದ್ದೆ. ಮರೆತೇಹೋಯಿತು.


ಜನವರಿ 16

ಬಿಸಿಲು. ಒಮ್ಮೆಯೂ ಬೀಳಲಿಲ್ಲ. ಸುಸ್ತು. ಮಲಗುತ್ತೇನೆ.


ಜನವರಿ 17, ಶುಕ್ರವಾರ

ಊಟ ಮುಗಿಸಿ ರೂಮಿಗೆ ಬಂದಾಗ ಎಂಟು ಗಂಟೆ. ಅಮೂಲ್ಯಾ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಬೆಳಗಿನ ಜಾವ. ಗೋಲ್ಡ್ ಕೋಸ್ಟ್‌ನಿಂದ ನಿನ್ನೆ ಬಂದರಂತೆ. ಮುಖ ಬಿಸಿಲಿಗೆ ಕಪ್ಪಾಗಿತ್ತು, ಕಣ್ಣು ಊದಿಕೊಂಡಿದ್ದವು. ಮನೆಯಲ್ಲಿ ಯಾರೂ ಎದ್ದಿರಲಿಲ್ಲ.

"ಹೇಗಿತ್ತೇ ಗೋಲ್ಡ್ ಕೋಸ್ಟ್?"

"ಅಡುಗೆ ಮಾಡಿದೆ. ಏಳು ಜನಕ್ಕೆ. ಸಮುದ್ರ ಅಡುಗೆಮನೆ ಕಿಟಕಿಯಿಂದ ಚೆನ್ನಾಗಿ ಕಾಣ್ತಿತ್ತು."

ಇಷ್ಟು ವರ್ಷ ಅವಳ ಮನೆ ತುಂಬಿದೆ, ನನ್ನದು ಖಾಲಿ ಅಂತ ಒಳಗೊಳಗೇ ಕರುಬುತ್ತಿದ್ದೆ. ಅವಳು ಎಲ್ಲಿ ಕೂರುತ್ತಾಳೆ, ಯಾವಾಗ ಕೂರುತ್ತಾಳೆ ಅಂತ ಒಂದು ದಿನವೂ ಕೇಳಿರಲಿಲ್ಲ.

"ತೋರ್ಸೇ, ನೋಡೋಣ" ಅಂದಳು.

ಕಿಟಕಿ ತೆರೆದು ಫೋನ್ ಆಚೆ ಹಿಡಿದೆ. ಕೆಳಗೆ ಬ್ಯಾಂಡು ನಡೆದಿತ್ತು. ಅವಳು ಕೇಳುತ್ತಿದ್ದಳು. ಬೆರಳು ಮರಗಟ್ಟಿ, ಕಿಟಕಿ ಹಾಕಿ ಒಳಗೆ ತಿರುಗಿದೆ. ಫೋನಿನ ಜೊತೆ ರೂಮೂ ತಿರುಗಿತು.

"ಅದೇನೇ ಆ ಕಡೆ? ಇನ್ನೊಂದು ಮಂಚನಾ?"

"ಹೂಂ. ಒಬ್ಬರ ರೂಮು ಸಿಗ್ಲಿಲ್ಲ. ಒದ್ದೆ ಬಟ್ಟೆ ಹರವಿದೀನಿ."

ಅವಳ ಬಾಯಿ ಸೊಟ್ಟಗಾಯಿತು, ಕ್ಲೇಟನ್‌ನಲ್ಲಿ ಮೊದಲ ಸಲ ಫೇಲಾದ ದಿನ ಆಗಿತ್ತಲ್ಲ, ಹಾಗೆ.

"ಅದು ನನ್ ಮಂಚ ಕಣೇ."

"ಹೂಂ. ನಿಂದೇ."

"ನಾನು ಅವನನ್ನ ಕೇಳ್ಲೇ ಇಲ್ಲ ಅನು. ಕೇಳಿ ಹೇಳ್ತೀನಿ ಅಂದೆನಲ್ಲ, ಕೇಳ್ಲಿಲ್ಲ. ಕೇಳಿದ್ರೆ ಹೋಗು ಅಂತಾನೇ ಅಂತಿದ್ನೇನೋ. ನಂಗೇ ಧೈರ್ಯ ಬರ್ಲಿಲ್ಲ."

ಇಬ್ಬರೂ ಅತ್ತೆವು. ಅವಳು ಸದ್ದಾಗದ ಹಾಗೆ, ಮನೆಯವರು ಏಳಬಾರದಲ್ಲ. ನನಗೆ ಆ ಭಯ ಇರಲಿಲ್ಲ. ಕಡೆಗೆ ಅವಳು ಕಣ್ಣೊರೆಸಿಕೊಂಡು ಹೇಳಿದಳು:

"ಆ ಬಟ್ಟೆ ತೆಗೀ ಅಲ್ಲಿಂದ. ಇವತ್ತೊಂದ್ ದಿನ ಅದನ್ನ ಖಾಲಿ ಬಿಡು. ನಾನಿದೀನಿ ಅನ್ಕೋ."

"ಆಯ್ತು" ಅಂದೆ. ಅಷ್ಟರಲ್ಲಿ ಆದ್ಯಾ ಅಮ್ಮಾ ಅಂತ ಕೂಗಿದಳು, ಫೋನ್ ಕಟ್ಟಾಯಿತು.

ಬಟ್ಟೆ ತೆಗೆಯಲು ಎದ್ದೆ. ಮುಟ್ಟಿದರೆ ಪ್ಯಾಂಟು ಇನ್ನೂ ಒದ್ದೆ, ಕಾಲುಚೀಲವೂ ಒದ್ದೆ. ಹೀಟರ್ ಮೇಲೆ ಗ್ಲೌಸಿಗೆ ಮಾತ್ರ ಜಾಗವಿದೆ. ನಾಳೆ ಕೊನೆಯ ಕ್ಲಾಸು, ಮೊದಲ ಸಲ ನಮ್ಮನ್ನು ಮೇಲಿನ ದೊಡ್ಡ ಇಳಿಜಾರಿಗೆ ಕರೆದೊಯ್ಯುತ್ತಾರೆ, ಒಂಬತ್ತಕ್ಕೆಲ್ಲ ಲಿಫ್ಟಿನ ಹತ್ತಿರ ಇರಬೇಕು. ಕಾಲುಚೀಲಗಳನ್ನು ಮಗುಚಿ ಹಾಕಿ, ಪ್ಯಾಂಟನ್ನು ಇನ್ನಷ್ಟು ಅಗಲವಾಗಿ ಹರಡಿದೆ. ಮಂಚದ ತುಂಬ ಆಯಿತು. ನಾಳೆ ಒಣಗಿದ ಮೇಲೆ ತೆಗೆದರಾಯಿತು.